ಜುಮುಕಿ ಒಣಗುವ ಹೊತ್ತಿನಲ್ಲಿ ಮನೆ, ಮಕ್ಕಳು, ಸಿನಿಮಾ

ಒಂದು ಜೊತೆ ಟೆರಾಕೋಟಾ, ಅಂದರೆ ಸುಟ್ಟ ಮಣ್ಣಿನ, ಜುಮುಕಿಗೆ ನನ್ನ ಕೈಕೆಲಸ ಎರಡೂವರೆ ಗಂಟೆ. ಆದರೆ ಮಣ್ಣು ತಟ್ಟಿ ಆಕಾರ ಮಾಡಿದ ದಿನದಿಂದ ಡಬ್ಬಿಗೆ ಹಾಕಿ ಕಳಿಸುವ ದಿನದವರೆಗೆ ಬೇಸಿಗೆಯಲ್ಲಿ 8 ದಿನ, ಮಳೆಗಾಲದಲ್ಲಿ 18 ದಿನ ಬೇಕು. ಮಿಕ್ಕ ಹೊತ್ತೆಲ್ಲ ಮಣ್ಣು ತನ್ನ ಪಾಡಿಗೆ ತಾನು ಒಣಗುತ್ತಿರುತ್ತದೆ. ಈ ಲೆಕ್ಕ ತಲೆಗೆ ಹೋಗಲು ನನಗೆ ಎರಡು ವರ್ಷ ಹಿಡಿಯಿತು. ಹೋದ ಮೇಲೆ ಅಡುಗೆ, ಮಕ್ಕಳ ಓದು, ಆರ್ಡರು, ಸಿನಿಮಾ ಎಲ್ಲಕ್ಕೂ ಜಾಗ ಸಿಕ್ಕಿತು.

ನಾವಿರುವುದು ಹಾಸನದಲ್ಲಿ, ಸಾಲಗಾಮೆ ರಸ್ತೆ ಕಡೆ. ಯಜಮಾನರಿಗೆ ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ಘಟಕದಲ್ಲಿ ಕೆಲಸ. ಮಗಳು ಎಂಟನೇ ಕ್ಲಾಸು, ಮಗ ಮೂರನೇ ಕ್ಲಾಸು. ಜೊತೆಗೆ ಅತ್ತೆ ಇದ್ದಾರೆ. ಒಡವೆ ಕೆಲಸ ಶುರುಮಾಡಿ 7 ವರ್ಷವಾಯಿತು. ಸಿನಿಮಾ ಹುಚ್ಚು ಅದಕ್ಕಿಂತ ಹಳೆಯದು. ನನಗೆ ಸುಮ್ನೆ ನೋಡಿ ಎದ್ದು ಬಂದರೆ ಆಗುವುದಿಲ್ಲ. ಅದರ ಬಗ್ಗೆ ಮಾತಾಡಬೇಕು, ಯಾಕೆ ಇಷ್ಟವಾಯಿತು, ಎಲ್ಲಿ ಕೈಕೊಟ್ಟಿತು ಅಂತ ಹೇಳಬೇಕು. ಮನೆಯಲ್ಲೇ ಕೂತು ಒಡವೆ ಮಾಡುವ ಆಸೆ ಇರುವ ಹೆಣ್ಣುಮಕ್ಕಳು ಸಿಕ್ಕಾಗೆಲ್ಲ "ಅಕ್ಕಾ, ಇದೆಲ್ಲ ಹೇಗೆ ನಿಭಾಯಿಸ್ತೀರಾ?" ಅಂತ ಕೇಳುತ್ತಾರೆ. ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಹಾಗಾಗಿ ಕೂತು ಬರೆದೆ.

ಮೊದಲು ಮಣ್ಣಿನ ಲೆಕ್ಕ

ನನಗೆ ಮಣ್ಣು ಕೊಡುವುದು ಒಬ್ಬ ಕುಂಬಾರಣ್ಣ. ಕೆರೆ ಅಂಗಳದ ಜೇಡಿಮಣ್ಣು. ತಂದ ದಿನವೇ ಬಕೆಟ್‌ನಲ್ಲಿ ನೆನೆಹಾಕಿ, ಎರಡು ದಿನ ಬಿಟ್ಟು, ಹಳೇ ಪಂಚೆಯಲ್ಲಿ ಸೋಸುತ್ತೇನೆ. ಕಲ್ಲು, ಬೇರು ಒಂದು ಚೂರೂ ಉಳಿಯಬಾರದು. ಜುಮುಕಿಯ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಕಲ್ಲು ಸಿಕ್ಕಿಕೊಂಡರೂ ಅಲ್ಲೇ ಬಿರುಕು ಬಿಡುತ್ತದೆ. ಆಮೇಲೆ ನೀರು ಬಸಿದು, ಚಪಾತಿ ಹಿಟ್ಟಿನ ಹದ ಬರುವವರೆಗೆ ಬಟ್ಟೆಯಲ್ಲಿ ಕಟ್ಟಿಡಬೇಕು. ಹದ ಬಂದ ಮೇಲೆ ಒಳಗೆ ಗಾಳಿ ಗುಳ್ಳೆ ಉಳಿಯದ ಹಾಗೆ ಬಡಿದು ಬಡಿದು ನಾದಬೇಕು. ಇಷ್ಟೆಲ್ಲ ಆಗುವುದಿಲ್ಲ ಅನ್ನುವವರಿಗೆ ಕಿಲೋ ಲೆಕ್ಕದಲ್ಲಿ ರೆಡಿ ಮಣ್ಣು ಸಿಗುತ್ತದೆ. ಹೊಸಬರು ಮೊದಲ ಆರು ತಿಂಗಳು ಅದನ್ನೇ ತಗೊಳ್ಳಿ. ಕೈ ಕುದುರಿದ ಮೇಲೆ ಕೆರೆ ಮಣ್ಣಿಗೆ ಬನ್ನಿ.

ನಾದುವ ಕೆಲಸವನ್ನು ತಿಂಗಳಿಗೆ ಒಂದೇ ಸಲ ಇಟ್ಟುಕೊಂಡಿದ್ದೇನೆ. ನಾದಿದ ಮಣ್ಣನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿ, ಒದ್ದೆ ಬಟ್ಟೆ ಹೊದಿಸಿ, ಮುಚ್ಚಳವಿರುವ ಡಬ್ಬಿಯಲ್ಲಿಟ್ಟರೆ ತಿಂಗಳಾದರೂ ಮೆತ್ತಗೇ ಇರುತ್ತದೆ. ದಿನಾ ಮಣ್ಣು ಹದ ಮಾಡುತ್ತಾ ಕೂತರೆ ಕೈಗೆ ಸಿಗುವ ಹೊತ್ತೆಲ್ಲ ಅದಕ್ಕೇ ಹೋಗುತ್ತದೆ.

ನನ್ನ ಕೈಗೆ ಸಿಗುವ ಹೊತ್ತು ಎಷ್ಟು ಗೊತ್ತಾ? ಬೆಳಗ್ಗೆ 10ರಿಂದ 12. ರಾತ್ರಿ ಊಟವಾದ ಮೇಲೆ ಒಂದು ಗಂಟೆ. ಅಷ್ಟೇ. ನೀವೂ ಒಂದು ವಾರ ನಿಮ್ಮ ಹೊತ್ತನ್ನು ಬರೆದಿಡಿ. ಆಸೆಗೆ ತಕ್ಕ ಹಾಗೆ ಬರೆಯಬೇಡಿ, ನಡೆದಿದ್ದನ್ನೇ ಬರೆಯಿರಿ. ನಾನು ದಿನಕ್ಕೆ 6 ಗಂಟೆ ಮಾಡುತ್ತೇನೆ ಅಂದುಕೊಂಡಿದ್ದೆ. ಬರೆದು ನೋಡಿದಾಗ ಮೂರೇ ಗಂಟೆ. 6 ಗಂಟೆಯ ಲೆಕ್ಕದಲ್ಲಿ ಆರ್ಡರ್ ಒಪ್ಪಿಕೊಳ್ಳುತ್ತಿದ್ದೆ, ಅದಕ್ಕೇ ಯಾವಾಗಲೂ ಸಾಲಗಾರರ ಹಾಗೆ ಓಡಾಡುತ್ತಿದ್ದೆ.

ಬೆಳಗಿನ ಎರಡು ಗಂಟೆ ಕಣ್ಣಿನ ಕೆಲಸಕ್ಕೆ. ತಟ್ಟುವುದು, ಕೆತ್ತುವುದು, ಬಣ್ಣ. ಜೊತೆಯ ಎರಡೂ ಓಲೆಗೆ ಮಣ್ಣನ್ನು ತೂಕ ಮಾಡಿಯೇ ತಗೊಳ್ಳಿ, ಕಣ್ಣಂದಾಜು ಬೇಡ. ಚಿಕ್ಕ ಡಿಜಿಟಲ್ ತಕ್ಕಡಿ ಇದ್ದರೆ ಸಾಕು. ನಾನು ಒಂದು ಕಿವಿಗೆ 12 ಗ್ರಾಂ ದಾಟಿಸುವುದಿಲ್ಲ. ಬೆಳಗ್ಗೆ ಮುಹೂರ್ತಕ್ಕೆ ಹಾಕಿಕೊಂಡವರು ರಾತ್ರಿ ಆರತಕ್ಷತೆ ಮುಗಿಯುವವರೆಗೆ ತೆಗೆಯುವುದಿಲ್ಲ, ಅವರ ಕಿವಿಯನ್ನು ನೆನೆದುಕೊಂಡು ಮಾಡಬೇಕು. ಮಣಿಗೆ ತೂತು ಹಾಕುವಾಗ ಬೇಕಾದ್ದಕ್ಕಿಂತ ಸ್ವಲ್ಪ ದೊಡ್ಡದಾಗಿಯೇ ಹಾಕಿ. ಒಣಗಿ ಬೆಂದು ಹೊರಬರುವಷ್ಟರಲ್ಲಿ ನನ್ನ ಮಣ್ಣು ನೂರಕ್ಕೆ ಎಂಟು ಭಾಗ ಕುಗ್ಗುತ್ತದೆ. ಮೊದಮೊದಲು ದಾರ ತೂರದ ಮಣಿಗಳನ್ನು ರಾಶಿ ಮಾಡಿದ್ದೆ. ಬೆಂದ ಮಣ್ಣಿಗೆ ತೂತು ಕೊರೆಯಲು ಹೋದರೆ ಎರಡು ಹೋಳಾಗುತ್ತದೆ.

ತಟ್ಟಿದ ಮಾರನೇ ದಿನ ಮಣ್ಣು ಚರ್ಮದ ಹದಕ್ಕೆ ಬರುತ್ತದೆ. ಒತ್ತಿದರೆ ತಗ್ಗಾಗುವುದಿಲ್ಲ, ಉಗುರಿನಲ್ಲಿ ಗೀರಿದರೆ ಗೆರೆ ಬೀಳುತ್ತದೆ. ಎಳೆ, ಚುಕ್ಕಿ, ಹೂವಿನ ದಳ ಎಲ್ಲ ಆಗಲೇ ಕೆತ್ತಬೇಕು. ಆಮೇಲೆ ಕೈ ಹಾಕಬಾರದು. ಬಿಸಿಲಿಗೆ ಇಡಬಾರದು, ಫ್ಯಾನಿನ ಕೆಳಗೂ ಇಡಬಾರದು. ಹೊರಮೈ ಬೇಗ ಒಣಗಿ ಒಳಗೆ ಹಸಿ ಉಳಿದರೆ ಸೀಳುತ್ತದೆ. ನ್ಯೂಸ್ ಪೇಪರ್ ಮೇಲೆ ಹರಡಿ, ಮೇಲೊಂದು ಪೇಪರ್ ಮುಚ್ಚಿ, ನೆರಳಿನಲ್ಲಿ ಬಿಡಿ. ದಿನಕ್ಕೊಂದು ಸಲ ಮಗುಚಿ ಹಾಕಿ. ಒಣಗಿದೆಯಾ ಅಂತ ನೋಡಲು ಓಲೆಯನ್ನು ಕೆನ್ನೆಗೆ ತಾಗಿಸಿ ಐದು ಎಣಿಸಿ. ತಣ್ಣಗೆ ಅನ್ನಿಸಿದರೆ ಒಳಗೆ ಇನ್ನೂ ನೀರಿದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಬಟ್ಟೆಯೇ ಮೂರು ದಿನ ಒಣಗುವುದಿಲ್ಲ, ಇನ್ನು ಮಣ್ಣು ಎಲ್ಲಿ ಒಣಗುತ್ತದೆ. ಆಗ ತಟ್ಟೆಗಳೆಲ್ಲ ಅಡುಗೆಮನೆಯ ಅಟ್ಟಕ್ಕೆ ಹೋಗುತ್ತವೆ. ಒಲೆಯ ಬಿಸಿ ಸ್ವಲ್ಪ ಸ್ವಲ್ಪವೇ ತಾಗುತ್ತದೆ. ಮೊದಲ ವರ್ಷದ ಆಷಾಢದಲ್ಲಿ ನಾನು ಈ ತಾಳ್ಮೆ ಇಟ್ಟುಕೊಳ್ಳಲಿಲ್ಲ. ಆ ಶನಿವಾರ ಒಂದು ಹೊಸ ಸಿನಿಮಾಕ್ಕೆ ಹೋಗಬೇಕಿತ್ತು. ಅಷ್ಟರೊಳಗೆ ಕೆಲಸ ಮುಗಿಸಿಬಿಡಬೇಕು ಅಂತ ಐದೇ ದಿನಕ್ಕೆ ಸುಟ್ಟೆ. ಒಳಗಿದ್ದ ನೀರು ಆವಿಯಾಗಿ ಹೊರಬರಲು ದಾರಿ ಸಿಗದೆ ಮಡಕೆಯೊಳಗೆ ಪಟಪಟ ಸಿಡಿಯುವ ಸದ್ದು ಕೇಳಿಸಿತು. 40 ಜೊತೆಯಲ್ಲಿ ಉಳಿದಿದ್ದು 9. ಸಿನಿಮಾಕ್ಕೂ ಹೋಗಲಿಲ್ಲ. ಮೂರು ಜನರಿಗೆ ಫೋನ್ ಮಾಡಿ ಕ್ಷಮೆ ಕೇಳಿ ಮುಂಗಡ ವಾಪಸ್ ಕೊಟ್ಟೆ. ಅಂದಿನಿಂದ ಸಿನಿಮಾ ದಿನಕ್ಕೆ ಹೊಂದಿಸಿ ಮಣ್ಣನ್ನು ಓಡಿಸುವುದಿಲ್ಲ. ಮಣ್ಣು ಒಣಗುವ ದಿನ ನೋಡಿ ಸಿನಿಮಾ ಇಟ್ಟುಕೊಳ್ಳುತ್ತೇನೆ.

ವಾರದ ಕ್ರಮ ಹೀಗಿದೆ. ಸೋಮವಾರ, ಮಂಗಳವಾರ ತಟ್ಟುವುದು. ಬುಧವಾರ ಕೆತ್ತನೆ. ಗುರುವಾರದಿಂದ ಶನಿವಾರದವರೆಗೆ ಮಣ್ಣಿನ ಹತ್ತಿರ ಹೋಗುವುದಿಲ್ಲ, ಪೇಪರ್ ಎತ್ತಿ ಮಗುಚಿ ಬರುವುದು ಬಿಟ್ಟರೆ. ಆ ಮೂರು ದಿನದಲ್ಲಿ ಬ್ಯಾಂಕು, ಮಾರ್ಕೆಟ್ಟು, ಮಕ್ಕಳ ಶಾಲೆ, ಅತ್ತೆಯ ಶುಗರ್ ಟೆಸ್ಟು, ನೆಂಟರ ಮನೆ. ದೋಸೆ ಹಿಟ್ಟು ರುಬ್ಬುವುದು, ಸಾರಿನ ಪುಡಿ ಮಾಡುವುದೂ ಆಗಲೇ. ಭಾನುವಾರ ಸುಡುವುದು. ಬಣ್ಣ, ಪ್ಯಾಕಿಂಗು ಮುಂದಿನ ವಾರಕ್ಕೆ ಹಂಚಿಹೋಗುತ್ತದೆ. ಮಳೆಗಾಲದಲ್ಲಿ ಒಂದು ಭಾನುವಾರ ಬಿಟ್ಟು ಇನ್ನೊಂದು ಭಾನುವಾರ ಸುಡುತ್ತೇನೆ, ಆರ್ಡರನ್ನೂ ಅರ್ಧಕ್ಕೆ ಇಳಿಸುತ್ತೇನೆ. ಮಗುವಿಗೆ ಜ್ವರ ಬಂದ ವಾರ ಯಾವ ಕ್ರಮವೂ ಇಲ್ಲ. ಅಂಥ ವಾರಕ್ಕೆಂದೇ ಮಾಡಿ ಮುಗಿಸಿದ 15 ಜೊತೆ ಸಾದಾ ಓಲೆಗಳನ್ನು ಬೀರುವಿನಲ್ಲಿ ಇಟ್ಟಿರುತ್ತೇನೆ. ತುರ್ತಾಗಿ ಬೇಕು ಅಂದವರಿಗೆ ಅದರಲ್ಲೇ ಆರಿಸಲು ಹೇಳುತ್ತೇನೆ.

ಯಾವ ಕೆಲಸಕ್ಕೆ ಯಾವ ಸಿನಿಮಾ

ಕೆಲಸ ಮಾಡುತ್ತಾ ಸಿನಿಮಾ ನೋಡಬಹುದು ಅಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ನೋಡಬಹುದು, ಆದರೆ ಕೆಲಸ ಯಾವುದು, ಸಿನಿಮಾ ಯಾವುದು ಅನ್ನುವುದರ ಮೇಲಿದೆ.

ಮಣಿ ಉರುಳಿಸುವುದು ಕೈಗೆ ಅಭ್ಯಾಸವಾದ ಕೆಲಸ. ಅಂಗೈ ತಾನೇ ಮಾಡುತ್ತದೆ. ಆಗ ನಾಲ್ಕಾರು ಸಲ ನೋಡಿದ ಹಳೇ ಸಿನಿಮಾ ಹಾಕಿಕೊಳ್ಳುತ್ತೇನೆ. ತಲೆ ಎತ್ತದಿದ್ದರೂ ಮಾತು ಕೇಳಿದರೆ ದೃಶ್ಯ ಕಣ್ಣಮುಂದೆ ಬರುತ್ತದೆ. ಕೆತ್ತುವಾಗ ಹಾಡು ಮಾತ್ರ. ಬಣ್ಣ ಹಚ್ಚುವಾಗ ಹಾಡೂ ಬೇಡ. ತುಂಬಾ ಸಣ್ಣ ಕುಂಚದಲ್ಲಿ ಚಿನ್ನದ ಬಣ್ಣದ ಎಳೆ ಎಳೆಯುವಾಗ ಉಸಿರು ಹಿಡಿದಿರುತ್ತೇನೆ, ಹಾಡಿನ ತಾಳ ಕೈಗೆ ಬಂದುಬಿಡುತ್ತದೆ. ಕೊಕ್ಕೆ, ರಿಂಗು ಸಿಕ್ಕಿಸುವಾಗ ಇಕ್ಕಳ ಜಾರಿದರೆ ಅಷ್ಟು ದಿನದ ಕೆಲಸ ನೆಲಕ್ಕೆ. ಅದಕ್ಕೆ ಬರೀ ಬೆಳಕು ಬೇಕು, ಇನ್ನೇನೂ ಬೇಡ.

ಹೊಸ ಸಿನಿಮಾವನ್ನು ಕೆಲಸದ ಜೊತೆ ಎಂದೂ ನೋಡಬೇಡಿ. ಇದು ನನ್ನ ಗಟ್ಟಿ ನಂಬಿಕೆ. ಅಷ್ಟು ಜನ ವರ್ಷಗಟ್ಟಲೆ ದುಡಿದು ಮಾಡಿದ್ದನ್ನು ಅರ್ಧ ಕಣ್ಣಲ್ಲಿ ನೋಡಿ "ಚೆನ್ನಾಗಿಲ್ಲ" ಅನ್ನುವುದು ತಪ್ಪು. ನನ್ನ ಜುಮುಕಿಯನ್ನು ಯಾರಾದರೂ ಕೈಗೆ ತಗೊಳ್ಳದೆ ಬೇಡ ಅಂದರೆ ನನಗೆ ಎಷ್ಟು ಬೇಜಾರಾಗುತ್ತದೆ, ಅವರಿಗೂ ಅಷ್ಟೇ ಆಗುತ್ತದೆ. ತಿಂಗಳಿಗೆ ಎರಡು ಸಿನಿಮಾ ಥಿಯೇಟರಿನಲ್ಲಿ, ಶನಿವಾರ ಮಧ್ಯಾಹ್ನದ ಆಟ, ಮಗಳ ಜೊತೆ. ಫೋನು ಚೀಲದೊಳಗೆ. ಆ ಮೂರು ಗಂಟೆ ಆರ್ಡರ್ ಕೇಳಿದವರಿಗೆ ಉತ್ತರ ಸಿಗುವುದಿಲ್ಲ. ಸಂಜೆ 6ರ ಮೇಲೆ ಸಿಗುತ್ತದೆ ಅಂತ ಮೊದಲೇ ಹೇಳಿರುತ್ತೇನೆ, ಇದುವರೆಗೆ ಯಾರೂ ಬೇಸರ ಮಾಡಿಕೊಂಡಿಲ್ಲ.

ಮಾತು ಆಡುವ ಮುಂಚೆ

ಸಿನಿಮಾ ನೋಡಿ ಬಂದ ರಾತ್ರಿ ಒಂದು ನೋಟ್‌ಬುಕ್‌ನಲ್ಲಿ ಐದಾರು ಸಾಲು ಬರೆಯುತ್ತೇನೆ. ಬರೆಯುವುದು ಮಾತ್ರ, ಯಾರಿಗೂ ಕಳಿಸುವುದಿಲ್ಲ. ಮಾರನೇ ದಿನ ಮಧ್ಯಾಹ್ನ ಓದಿ ನೋಡುತ್ತೇನೆ. ರಾತ್ರಿಯ ಸಿಟ್ಟು ಎಷ್ಟೋ ಸಲ ಸಿನಿಮಾದ್ದಾಗಿರುವುದಿಲ್ಲ. ಪಕ್ಕದವರ ಫೋನಿನ ಬೆಳಕಿನದೋ, ತಲೆನೋವಿನದೋ ಆಗಿರುತ್ತದೆ. ಅದು ಒಣಗಿಹೋದ ಮೇಲೆ ಏನು ಉಳಿಯುತ್ತದೋ ಅದು ನನ್ನ ಅಭಿಪ್ರಾಯ.

ಇನ್ನೊಂದು ನಿಯಮವಿದೆ. "ಸೂಪರ್", "ವೇಸ್ಟ್" ಅನ್ನುವ ಮಾತು ನಮ್ಮ ಮನೆಯಲ್ಲಿ ನಡೆಯುವುದಿಲ್ಲ. ಯಾವ ದೃಶ್ಯ, ಅಲ್ಲಿ ಏನಾಯಿತು, ಅದನ್ನು ಹೇಳಬೇಕು. ಇದನ್ನು ಕಲಿತಿದ್ದು ನಮ್ಮ ಅತ್ತೆಯಿಂದ. 1974ರ 'ಭೂತಯ್ಯನ ಮಗ ಅಯ್ಯು' ಅವರ ಅಚ್ಚುಮೆಚ್ಚು. ಸಿದ್ದಲಿಂಗಯ್ಯನವರ ಸಿನಿಮಾ. ಕಥೆ ನಮ್ಮ ಜಿಲ್ಲೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರರದು. ಅದು ಯಾಕೆ ಇಷ್ಟ ಅಂತ ಕೇಳಿದರೆ ಅತ್ತೆ ಕಥೆ ಹೇಳುವುದಿಲ್ಲ. ಅದರಲ್ಲಿ ನಟ ಲೋಕನಾಥ್ ಉಪ್ಪಿನಕಾಯಿ ತಿನ್ನುವುದನ್ನು ಹೇಳುತ್ತಾರೆ. ಹೇಗೆ ಬೆರಳು ಹಾಕಿದರು, ಹೇಗೆ ಚಪ್ಪರಿಸಿದರು ಅಂತ. ಕೇಳುತ್ತಾ ಕೇಳುತ್ತಾ ನಮ್ಮ ಬಾಯಲ್ಲೂ ನೀರು. ಅಷ್ಟು ವರ್ಷವಾದರೂ ಆ ಒಂದು ದೃಶ್ಯವನ್ನು ಕಣ್ಣಿಗೆ ಕಟ್ಟುವ ಹಾಗೆ ಹೇಳುತ್ತಾರಲ್ಲ, ಅದಕ್ಕಿಂತ ಒಳ್ಳೆ ವಿಮರ್ಶೆ ಬೇಕಾ?

ಮಗಳಿಗೂ ನನಗೂ ಜಗಳ 'ಮುಂಗಾರು ಮಳೆ' ಬಗ್ಗೆ. ಅದು 2006ರ ಡಿಸೆಂಬರ್ ಕೊನೆಯಲ್ಲಿ ಬಂದಾಗ ನಾನು ಕಾಲೇಜಿನಲ್ಲಿದ್ದೆ. ನಮ್ಮ ಸಕಲೇಶಪುರದ ಕಡೆಯ ಮಳೆಯನ್ನು ಅಷ್ಟು ದೊಡ್ಡ ತೆರೆಯ ಮೇಲೆ ನೋಡಿ ಅತ್ತಿದ್ದೆ. ದಿನಾ ನೆನೆಯುವ ಮಳೆ ಅದು, ಆದರೆ ಅದನ್ನು ಹಾಗೆ ನೋಡಿರಲಿಲ್ಲ. ಮಗಳು ಹೇಳುವುದು ಬೇರೆ. "ಅಮ್ಮ, ಆ ನಾಯಕ ಕೊನೆಯಲ್ಲಿ ಯಾಕೆ ಅಂತ ನಾಯಕಿಗೆ ಹೇಳದೆ ಬಿಟ್ಟು ಹೋದನಲ್ಲ, ಅದರಲ್ಲಿ ಏನು ದೊಡ್ಡಸ್ತಿಕೆ? ಅವಳನ್ನು ಯಾರು ಕೇಳಿದರು?" ನಾನು ಅವನ ಜೊತೆಗಿದ್ದ ಮೊಲದ ಸಾವನ್ನು ಹೇಳಿ, ಅವನ ದುಃಖ ಎಷ್ಟಿತ್ತು ನೋಡು ಅಂದೆ. "ಮೊಲಕ್ಕೆ ಹೇಳಿದ್ದನ್ನು ಅವಳಿಗೆ ಹೇಳಬಹುದಿತ್ತು" ಅಂದಳು. ಎರಡು ದಿನ ಯೋಚಿಸಿದೆ. ಅವಳ ಮಾತಿನಲ್ಲಿ ಸತ್ಯವಿದೆ. ಸಿನಿಮಾ ನನಗೆ ಇವತ್ತಿಗೂ ಇಷ್ಟವೇ, ಆದರೆ ಕೊನೆಯನ್ನು ಈಗ ಅವಳ ಕಣ್ಣಲ್ಲೂ ನೋಡುತ್ತೇನೆ. ಮಕ್ಕಳ ಜೊತೆ ಸಿನಿಮಾ ಮಾತಾಡುವುದನ್ನು ಕಾಲಹರಣ ಅಂತ ಮಾತ್ರ ಅಂದುಕೊಳ್ಳಬೇಡಿ. ಹದಿಮೂರು ವರ್ಷದ ಹುಡುಗಿ ಮನಸ್ಸಿನಲ್ಲಿ ಏನಿಟ್ಟುಕೊಂಡಿದ್ದಾಳೆ ಅಂತ ನನಗೆ ಗೊತ್ತಾಗುವುದು ಅಲ್ಲೇ.

ಈಗ ವ್ಯಾಪಾರದ ಮಾತು. ಅಭಿಪ್ರಾಯವನ್ನೂ ಒಡವೆಯನ್ನೂ ಒಂದೇ ಕಡೆ ಹಾಕಬೇಡಿ. ನಾಲ್ಕು ವರ್ಷದ ಹಿಂದೆ ಒಡವೆ ಫೋಟೋ ಹಾಕುವ ವಾಟ್ಸಾಪ್ ಸ್ಟೇಟಸ್‌ನಲ್ಲೇ ಒಂದು ಸಿನಿಮಾ ಬಗ್ಗೆ ಖಾರವಾಗಿ ಬರೆದೆ. ನಿಜವನ್ನೇ ಬರೆದಿದ್ದೆ. ಆದರೆ ದೃಶ್ಯ ಹೇಳಿರಲಿಲ್ಲ, ನಾಯಕನ ಬಗ್ಗೆ ಒಂದು ಸಾಲು ಹಾಕಿದ್ದೆ. ಮಾರನೇ ದಿನ ಬೆಳಗ್ಗೆ ಒಬ್ಬ ಗ್ರಾಹಕರು ನಾಮಕರಣಕ್ಕೆ ಹೇಳಿದ್ದ 12 ಜೊತೆ ಬೇಡ ಅಂದರು. ಅವರ ಮಗ ಆ ನಟನ ಅಭಿಮಾನಿ. ಮಣ್ಣು ಆಗಲೇ ಒಣಗುತ್ತಿತ್ತು. ತುಂಬಾ ನೋವಾಯಿತು. ಅವರು ಹಾಗೆ ಮಾಡಬಾರದಿತ್ತು ಅಂತ ಇವತ್ತಿಗೂ ಅನ್ನಿಸುತ್ತದೆ. ಹಾಗಂತ ನಾನು ಬಾಯಿ ಮುಚ್ಚಿಕೊಳ್ಳಲಿಲ್ಲ. ಎರಡು ನಂಬರ್ ಮಾಡಿಕೊಂಡೆ. ಒಂದು ಒಡವೆಗೆ, ಅಲ್ಲಿ ಒಡವೆ ಬಿಟ್ಟು ಬೇರೇನಿಲ್ಲ. ಇನ್ನೊಂದು ಮನೆ, ನೆಂಟರು, ಸ್ನೇಹಿತರಿಗೆ. ಸಿನಿಮಾ ಮಾತೆಲ್ಲ ಅಲ್ಲಿ. ಗ್ರಾಹಕರು ಯಾರಾದರೂ ಮನೆಗೆ ಬಂದಾಗ ಕೇಳಿದರೆ ಎದುರಿಗೇ ಹೇಳುತ್ತೇನೆ, ದೃಶ್ಯದ ಸಮೇತ. ಎದುರಿಗೆ ಕೂತು ಮಾತಾಡಿದಾಗ ಯಾರೂ ಮುನಿಸಿಕೊಂಡು ಹೋಗಿಲ್ಲ. ನಟ ನಟಿಯರ ಮೈಬಣ್ಣ, ದಪ್ಪ, ವಯಸ್ಸು, ಮನೆ ವಿಷಯ ಮಾತ್ರ ಆಡುವುದಿಲ್ಲ. ಅದು ಸಿನಿಮಾದ ಮಾತೇ ಅಲ್ಲ.

ಸಿನಿಮಾದಲ್ಲಿ ಕಂಡ ಒಡವೆ ಬೇಕು ಅಂದಾಗ

ಇದು ಪ್ರತಿ ತಿಂಗಳೂ ಬರುವ ಬೇಡಿಕೆ. ಫೋನಿನಲ್ಲಿ ನಾಯಕಿಯ ಫೋಟೋ ತೋರಿಸಿ "ಇಂಥದ್ದೇ ಮಾಡಿಕೊಡಿ" ಅನ್ನುತ್ತಾರೆ. ಅವಳು ಹಾಕಿದ್ದು ತೆಳು ಲೋಹದ ಜುಮುಕಿ. ಅದೇ ಅಳತೆಯಲ್ಲಿ ಮಣ್ಣಿನಲ್ಲಿ ಮಾಡಿದರೆ ಕಿವಿ ಜೋತುಬೀಳುತ್ತದೆ. ತೆಳ್ಳಗೆ ಮಾಡಿದರೆ ಒಡೆಯುತ್ತದೆ. ಹಾಗಾಗಿ ಅದೇ ಅಂತ ಮಾತು ಕೊಡುವುದಿಲ್ಲ. ಅದರಲ್ಲಿ ನಿಮಗೆ ಏನು ಇಷ್ಟವಾಯಿತು ಅಂತ ಕೇಳುತ್ತೇನೆ. ಬಣ್ಣವಾ, ಕೆಳಗೆ ತೂಗುವ ಮಣಿಯಾ, ಆಕಾರವಾ? ಒಂದನ್ನು ಹಿಡಿದುಕೊಂಡು ಬೇರೆಯದೇ ಮಾಡುತ್ತೇನೆ. ಕಾಗದದಲ್ಲಿ ಕತ್ತರಿಸಿ ಕಿವಿಯ ಹತ್ತಿರ ಹಿಡಿದು ತೋರಿಸಿ, ಅವರು ಹೂಂ ಅಂದ ಮೇಲೆ ಮಣ್ಣು ಮುಟ್ಟುತ್ತೇನೆ. ಸಿನಿಮಾ ಹೆಸರು ಹಾಕಿ, ನಟಿಯ ಫೋಟೋ ಹಾಕಿ ಮಾರಬೇಡಿ. ಆ ವಿನ್ಯಾಸ ಮಾಡಿದವರು ಇನ್ನೊಬ್ಬರು, ನಮ್ಮ ಹಾಗೇ ಕಣ್ಣು ಸವೆಸಿದವರು.

ವಿನ್ಯಾಸ ಬೇಕಾದರೆ ನಮಗೆ ದೂರ ಹೋಗುವ ಅಗತ್ಯವೇ ಇಲ್ಲ. ಬಸ್ ಹತ್ತಿದರೆ ಒಂದು ಗಂಟೆ ಚಿಲ್ಲರೆಗೆ ಬೇಲೂರು. 1117ರಲ್ಲಿ ಹೊಯ್ಸಳ ರಾಜ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ದೇವಸ್ಥಾನದಲ್ಲಿ ಕಲ್ಲಿನಲ್ಲಿ ಕೆತ್ತಿದ ಚೆಲುವೆಯರಾದ ಮದನಿಕೆಯರ ಕಿವಿ, ಕೊರಳು, ತೋಳು, ನಡು ನೋಡಿಕೊಂಡು ಅರ್ಧ ದಿನ ನಿಂತರೂ ಸಾಲದು. ಗೈಡ್‌ಗಳು ನವರಂಗದೊಳಗಿನ, ಅಂದರೆ ನಡು ಮಂಟಪದ, ಒಬ್ಬ ಮದನಿಕೆಯನ್ನು ತೋರಿಸಿ, ಆಕೆಯ ಕೈಬಳೆ ಅಲುಗಾಡುವ ಹಾಗೆ ಕೆತ್ತಿದ್ದಾರೆ ಅಂತ ಹೇಳುತ್ತಾರೆ. ಒಂದೇ ಕಲ್ಲಿನಲ್ಲಿ! ಅದು ಬಳಪದ ಕಲ್ಲು, ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ ಅಂತ ಕೇಳಿದಾಗ ನನಗೆ ನನ್ನ ಮಣ್ಣೇ ನೆನಪಾಯಿತು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಆ ವಿನ್ಯಾಸ ಕೇಳುವವರು ನನ್ನ ಹತ್ತಿರವೂ ಜಾಸ್ತಿಯಾಗಿದ್ದಾರೆ. ವರ್ಷಕ್ಕೆ ಎರಡು ಸಲ ಮಕ್ಕಳನ್ನೂ ಕರೆದುಕೊಂಡು ಹೋಗುತ್ತೇನೆ. ಮಗ ಆನೆ ಎಣಿಸುತ್ತಾನೆ, ನಾನು ಪೆನ್ಸಿಲ್‌ನಲ್ಲಿ ಓಲೆ ಬರೆದುಕೊಳ್ಳುತ್ತೇನೆ. ಪ್ರವಾಸವೂ ಆಯಿತು, ಆರು ತಿಂಗಳ ವಿನ್ಯಾಸವೂ ಆಯಿತು. ಆ ಕಣ್ಣು ಬಂದ ಮೇಲೆ ಸಿನಿಮಾ ನೋಡುವುದೂ ಬದಲಾಗಿದೆ. ಹಳೇ ಕಾಲದ ಕಥೆಯ ರಾಣಿಗೆ ಅಂಗಡಿಯಿಂದ ನಿನ್ನೆ ತಂದ ಹಾಗೆ ಹೊಳೆಯುವ ಪ್ಲಾಸ್ಟಿಕ್ ಮುತ್ತು ಹಾಕಿದ್ದರೆ ನನಗೆ ಕಥೆಯೇ ಕಿವಿಗೆ ಹೋಗುವುದಿಲ್ಲ.

ದುಡ್ಡು

ಬೆಲೆ ಕಟ್ಟುವಾಗ ಸಂಕೋಚ ಬೇಡ. ಒಂದು ಜೊತೆ ಸಾದಾ ಜುಮುಕಿಗೆ ನನ್ನ ಲೆಕ್ಕ ಹೀಗೆ. ಮಣ್ಣು ಮತ್ತು ಸುಡುವುದಕ್ಕೆ 10, ಕೊಕ್ಕೆ ರಿಂಗು 8, ಬಣ್ಣ ವಾರ್ನಿಷ್ 12, ಡಬ್ಬಿ ಪ್ಯಾಕಿಂಗ್ 25. ಒಟ್ಟು 55 ರೂಪಾಯಿ. ಕೈಕೆಲಸ ಎರಡೂವರೆ ಗಂಟೆ, ಗಂಟೆಗೆ 80ರಂತೆ 200. ಅಲ್ಲಿಗೆ 255. ಒಡೆದು ಹೋಗುವುದಕ್ಕೆ ನೂರಕ್ಕೆ ಹತ್ತು ಸೇರಿಸಿ 280. ಅಂಚೆ ಖರ್ಚು ಬೇರೆ. "ಮಣ್ಣಿಗೆ ಇಷ್ಟೊಂದಾ?" ಅಂದವರಿಗೆ ಈ ಲೆಕ್ಕವನ್ನೇ ತೋರಿಸುತ್ತೇನೆ. ಕೊಕ್ಕೆಯಲ್ಲಿ ಉಳಿತಾಯ ಮಾಡಬೇಡಿ, ನಿಕಲ್ ಇಲ್ಲದ್ದನ್ನೇ ಹಾಕಿ. ಎಷ್ಟೋ ಜನರ ಕಿವಿ ಕೆರೆದು ಕೀವಾಗುವುದು ನಿಕಲ್‌ನಿಂದ. ಸಣ್ಣ ಉದ್ದಿಮೆಗಳಿಗಿರುವ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ, ಆಧಾರ್, ಪ್ಯಾನ್ ಇದ್ದರೆ ಆನ್‌ಲೈನ್‌ನಲ್ಲಿ ಉಚಿತವಾಗಿ ಆಗುತ್ತದೆ. ಫೀಸು ಕೇಳಿದವರಿಗೆ ಕೊಡಬೇಡಿ.

ಒಡವೆಯ ದುಡ್ಡಿಗೆ ಬೇರೆ ಖಾತೆ ಇರಲಿ. ಅದರಿಂದ ನಾನು ಮಕ್ಕಳ ವ್ಯಾನ್ ಫೀಸು ಕಟ್ಟುತ್ತೇನೆ, ಸಿನಿಮಾ ಟಿಕೆಟ್ ತಗೊಳ್ಳುತ್ತೇನೆ. ಸರಕ್ಕೆ ದಾರ ಹೆಣೆದು ಕುಚ್ಚು ಕಟ್ಟುವುದು ಅತ್ತೆ. ಒಂದಕ್ಕೆ 20 ರೂಪಾಯಿಯಂತೆ ತಿಂಗಳ ಕೊನೆಗೆ ಅವರ ಕೈಗೆ ಕೊಡುತ್ತೇನೆ. ಮೊದಲ ಸಲ ಕೊಟ್ಟಾಗ "ಏನಮ್ಮ, ಮನೆಯವರಿಗೂ ಕೂಲಿನಾ?" ಅಂದರು. "ನಿಮ್ಮ ಕೈಯ ಕೆಲಸ ಅತ್ತೆ, ತಗೊಳ್ಳಿ" ಅಂದೆ. ಈಗ ಅವರದೇ ಒಂದು ಚಿಕ್ಕ ಪುಸ್ತಕವಿದೆ. ಎಷ್ಟು ಕಟ್ಟಿದೆ ಅಂತ ನನಗಿಂತ ಚೆನ್ನಾಗಿ ಬರೆದಿಡುತ್ತಾರೆ.

ಹಾಸನಾಂಬೆ ಬಾಗಿಲು ತೆಗೆಯುವ ಹೊತ್ತು

ನಮ್ಮೂರಿನಲ್ಲಿ ವರ್ಷದ ದೊಡ್ಡ ಸಂಭ್ರಮ ಇದೇ. ಆಶ್ವಯುಜದಲ್ಲಿ, ದೀಪಾವಳಿ ಹೊತ್ತಿಗೆ ಕೆಲವೇ ದಿನ ಅಮ್ಮನ ಬಾಗಿಲು ತೆಗೆಯುತ್ತಾರೆ. ಊರಿಗೆ ಊರೇ ತುಂಬಿಹೋಗುತ್ತದೆ. ಬೆಂಗಳೂರು, ಮೈಸೂರಿನ ನೆಂಟರೆಲ್ಲ ನಮ್ಮ ಮನೆಯಲ್ಲೇ. ಹಬ್ಬಕ್ಕೆ ಸೀರೆಗೆ ಹೊಂದುವ ಸೆಟ್ ಬೇಕು ಅನ್ನುವ ಆರ್ಡರೂ ಆಗಲೇ. ಎರಡನ್ನೂ ಒಟ್ಟಿಗೆ ಹೊರಲು ಹೋಗಿ ಒಂದು ವರ್ಷ ನಾನು ಅಮ್ಮನ ದರ್ಶನಕ್ಕೇ ಹೋಗಲಾಗಲಿಲ್ಲ. ಮನೆಯಿಂದ ಅಷ್ಟು ಹತ್ತಿರ ಇದ್ದುಕೊಂಡು. ಆ ಸಂಕಟ ಮರೆತಿಲ್ಲ.

ಈಗ ಮಹಾಲಯ ಅಮಾವಾಸ್ಯೆ ಆಯಿತು ಅಂದರೆ ಹೊಸ ಆರ್ಡರ್ ಇಲ್ಲ. ಮಳೆ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ, 18 ದಿನ ಹಿಡಿದರೂ ಆವರೆಗಿನದ್ದು ಮುಗಿಯುತ್ತದೆ. "ಇಲ್ಲ" ಅನ್ನುವುದು ಕಷ್ಟ, ಗೊತ್ತು. ನಾನು ಹೇಳುವ ಮಾತು ಇದು: "ಈಗ ಒಪ್ಪಿಕೊಂಡರೆ ಹಸಿ ಮಣ್ಣು ಸುಡಬೇಕಾಗುತ್ತದೆ, ನಿಮ್ಮ ದುಡ್ಡು ಹಾಳು. ಕಾರ್ತಿಕದಲ್ಲಿ ಮೊದಲು ನಿಮ್ಮದೇ ಮಾಡುತ್ತೇನೆ." ಹೆಸರು ಪುಸ್ತಕದಲ್ಲಿ ಬರೆದುಕೊಂಡು, ಕಾರ್ತಿಕದಲ್ಲಿ ನಾನೇ ಫೋನ್ ಮಾಡುತ್ತೇನೆ. ಹಬ್ಬದ ಆ ದಿನಗಳಲ್ಲಿ ಸಿನಿಮಾವೂ ಇಲ್ಲ, ಮಣ್ಣೂ ಇಲ್ಲ.

ಸುಡುವ ಭಾನುವಾರ

ಹಳೇ ಮಡಕೆಯ ತಳದಲ್ಲಿ ಎರಡು ಇಂಚು ಭತ್ತದ ಹೊಟ್ಟು, ಮೇಲೆ ಒಂದಕ್ಕೊಂದು ತಾಗದ ಹಾಗೆ ಓಲೆ, ಮತ್ತೆ ಹೊಟ್ಟು. ಹೀಗೆ ಮೂರು ಪದರ. ಮೇಲೆ ಮುಚ್ಚಳ. ಸುತ್ತ ಬೆರಣಿ ಜೋಡಿಸಿ, ಮೊದಲ ಒಂದು ಗಂಟೆ ಸಣ್ಣ ಕಾವು, ಆಮೇಲೆ ಜೋರು. ಸುಮಾರು 600 ಡಿಗ್ರಿ ದಾಟಿದ ಮಣ್ಣು ಮತ್ತೆ ನೀರಿನಲ್ಲಿ ಕರಗುವುದಿಲ್ಲ. ಗಾಳಿ ಆಡಲು ಬಿಟ್ಟರೆ ಕೆಂಪು ಬರುತ್ತದೆ. ಮುಚ್ಚಳಕ್ಕೆ ಮಣ್ಣು ಮೆತ್ತಿ ಗಾಳಿ ಕಟ್ಟಿದರೆ ಕಪ್ಪು. ಬಯಲಿನಲ್ಲೇ ಮಾಡಿ, ಮನೆಯೊಳಗೆ ಎಂದೂ ಬೇಡ. ಪಕ್ಕದಲ್ಲಿ ಒಂದು ಬಕೆಟ್ ನೀರು, ಒಂದು ಬಕೆಟ್ ಮರಳು ಇರಲಿ. ಮಕ್ಕಳು ನಾಲ್ಕು ಮಾರು ದೂರ.

ಮೂರು ಗಂಟೆ ಯಾರಾದರೂ ಬೆಂಕಿಯ ಹತ್ತಿರ ಇರಲೇಬೇಕು. ನಮ್ಮ ಮನೆಯಲ್ಲಿ ಎಲ್ಲರೂ ಇರುತ್ತೇವೆ. ಯಜಮಾನರಿಗೂ ಅವತ್ತು ರಜೆ. ಹಿತ್ತಲಿನಲ್ಲಿ ಚಾಪೆ ಹಾಸಿ, ಕಾಫಿ, ಅಕ್ಕಿರೊಟ್ಟಿ, ಕಾಯಿಚಟ್ನಿ. ಪಕ್ಕದ ಮನೆ ಅಕ್ಕ ಬರುತ್ತಾರೆ. ಶನಿವಾರ ನೋಡಿದ ಸಿನಿಮಾದ ಮಾತು ಪೂರ್ತಿಯಾಗಿ ಆಡುವುದು ಆಗ. ನೋಟ್‌ಬುಕ್ ತರುತ್ತೇನೆ, ಮಗಳು ಎದುರು ಮಾತಾಡುತ್ತಾಳೆ, ಯಜಮಾನರು ಫೈಟಿನ ಪರ, ಅತ್ತೆ ಉಪ್ಪಿನಕಾಯಿಗೆ ಬರುತ್ತಾರೆ. ಹೊಗೆ ತಿರುಗಿದ ಕಡೆಗೆ ಚಾಪೆ ಎಳೆದುಕೊಳ್ಳುವುದು ಮಗನ ಕೆಲಸ.

ಬೆಂಕಿ ಆರಿದ ಮೇಲೆ ಮಡಕೆ ತೆಗೆಯಬೇಡಿ, ಎಷ್ಟೇ ಆಸೆಯಾದರೂ. ತಣ್ಣನೆ ಗಾಳಿ ತಾಗಿದರೆ ಬಿರುಕು. ರಾತ್ರಿ ಹಾಗೇ ಬಿಟ್ಟು ಸೋಮವಾರ ಬೆಳಗ್ಗೆ, ಮಕ್ಕಳು ಶಾಲೆಗೆ ಹೊರಡುವ ಮುಂಚೆ ತೆಗೆಯುತ್ತೇವೆ. ಎರಡು ಮಣಿ ತಗೊಂಡು ತಾಗಿಸಿದರೆ ಟಣ್ ಅನ್ನಬೇಕು. ಮೊನ್ನೆ ಒಂದೇ ಒಂದು ಓಲೆ ಬಿರುಕು ಬಿಟ್ಟಿತ್ತು. ಅದರ ಜೊತೆಯದನ್ನು ಮಗಳು ಕಪ್ಪು ದಾರಕ್ಕೆ ಪೋಣಿಸಿಕೊಂಡಳು. ಬರುವ ಶನಿವಾರದ ಆಟಕ್ಕೆ ಅದನ್ನೇ ಹಾಕಿಕೊಂಡು ಬರುತ್ತಾಳಂತೆ.